ಹತ್ತು ನಿಮಿಷದ ನೊರೆ

ಇಂಜಿನ್ ತಣ್ಣಗಿತ್ತು. ಆದರೂ ಪೆರ್ಮಾಳ್ ಮೂರನೆಯ ಸಲ ಅದರ ಮೇಲೆ ಅಂಗೈ ಇಟ್ಟು ನೋಡಿದ. ನಿನ್ನೆ ಮಧ್ಯಾಹ್ನದಿಂದ ಕೀಲಿಯನ್ನೇ ತಿರುಗಿಸದ ಲಾರಿ ಬಿಸಿಯಾಗಿರುವುದಾದರೂ ಹೇಗೆ? ಗೊತ್ತಿದ್ದರೂ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. "ಏನ್ರೀ, ಜ್ವರ ಇಳೀತಾ ಅದಕ್ಕೆ?" ಎಂದು ಅಡುಗೆಮನೆಯ ಕಿಟಕಿಯಿಂದ ಅವನ ಹೆಂಡತಿ ಅಂಜಲೈ ಕೇಳಿದಳು. ಅವಳು ರೊಟ್ಟಿ ಲಟ್ಟಿಸುತ್ತಿದ್ದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. "ಇಳೀತು, ಇಳೀತು" ಎಂದು ಅವನು ನಗಲು ಹೋದ, ನಗು ಬರಲಿಲ್ಲ. ಮೂವತ್ತೊಂದು ವರ್ಷ ಕಬ್ಬಿನ ಲಾರಿ ಓಡಿಸಿದವನು, ದ್ವೀಪದ ಲಂಬಾಸಾ ಪೇಟೆಯ ಸಕ್ಕರೆ ಗಿರಣಿಯ ಮುಂದಿನ ಲಾರಿ ಸಾಲಿನಲ್ಲಿ ಅರ್ಧ ಆಯುಷ್ಯ ಕಳೆದವನು, ತನ್ನದೇ ಲಾರಿಯ ಬಾನೆಟ್ಟಿನ ಕೆಳಗೆ ತಲೆ ಹಾಕಲು ಹೆದರುತ್ತಾನೆ ಎಂದರೆ ಊರಿನವರು ನಕ್ಕಾರು. ನಗಲಿ. ನಗುವವರಿಗೆ ಅರ್ಧ ಕಥೆಯಷ್ಟೇ ಗೊತ್ತು, ಮತ್ತು ಆ ಅರ್ಧವೂ ಸುಳ್ಳು.

ನಾಳೆ ಲಾರಿಯ ತಪಾಸಣೆ. ಅದು ಮುಗಿದರೆ ಮುಂದಿನ ತಿಂಗಳು ಗಿರಣಿಯ ಸೀಟಿ ಕೂಗಿದ ದಿನವೇ ಕಬ್ಬು ಹೇರಬಹುದು. ಜಿಡ್ಡು ಹಿಡಿದ ಇಂಜಿನ್ನನ್ನು ತಪಾಸಣೆಯವನು ಬಗ್ಗಿಯೂ ನೋಡುವುದಿಲ್ಲ. ಎಲ್ಲಿ ಸೋರುತ್ತಿದೆ ಎಂದು ಕಾಣಬೇಕಾದರೆ ಮೊದಲು ತೊಳೆದು ತಾ ಎಂದು ವಾಪಸ್ಸು ಕಳಿಸುತ್ತಾನೆ. ಹೋದ ಎರಡು ವರ್ಷವೂ ಪೇಟೆಯ ಗ್ಯಾರೇಜಿನವನು ಈ ಕೆಲಸ ಮಾಡಿಕೊಟ್ಟಿದ್ದ. ಈ ಸಲ ಆ ಪುಣ್ಯಾತ್ಮ ಹಣ್ಣು ಕೀಳುವ ಕೆಲಸಕ್ಕೆಂದು ಆಸ್ಟ್ರೇಲಿಯಕ್ಕೆ ಹಾರಿದ್ದಾನೆ, ಗ್ಯಾರೇಜಿನ ಬಾಗಿಲಿಗೆ ಬೀಗ. ಹಾಗಾಗಿ ಪೆರ್ಮಾಳ್ ನಿನ್ನೆ ತಾನೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಜಿಡ್ಡು ತೆಗೆಯುವ ಸೋಪಿನ ದ್ರಾವಣದ ಕ್ಯಾನು ಕೇಳಿದ್ದ. ಕೌಂಟರಿನ ಹುಡುಗಿ, ಅವನ ಮಗಳ ವಯಸ್ಸಿನವಳೂ ಅಲ್ಲ, ಅದರ ಮೇಲಿನ ಚೀಟಿಯನ್ನು ಸ್ಕೂಲ್ ಪಾಠದ ಹಾಗೆ ಓದಿ ಹೇಳಿದಳು. ಇಂಜಿನ್ ಪೂರಾ ತಣ್ಣಗಿರಬೇಕು. ಬ್ಯಾಟರಿಯ ಕರಿ ವೈರು ಮೊದಲು ಬಿಚ್ಚಬೇಕು. ಡೈನಮೋಗೆ, ಗಾಳಿ ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಕಟ್ಟಬೇಕು. ಹಚ್ಚಿ ಹತ್ತು ನಿಮಿಷ ಬಿಡಬೇಕು, ಒಣಗಲು ಬಿಡಬಾರದು. ಆಮೇಲೆ ದನಿ ತಗ್ಗಿಸಿ, "ಅಂಕಲ್, ಕೆಲವರು ದೋಣಿಗೆ ಹಾಕೋ ಪ್ರಿಮಿಕ್ಸ್ ಬಳೀತಾರೆ, ದಯವಿಟ್ಟು ನೀವು ಹಂಗೆ ಮಾಡಬೇಡಿ. ಗಿರಣಿ ಸಾಲಲ್ಲಿ ಯಾರೋ ಒಬ್ಬ ಸುಕಿ ಸೇದ್ತಾ ಲಾರಿ ತೊಳೆಯೋಕೆ ಹೋಗಿ ಕೈ ಸುಟ್ಕೊಂಡನಂತೆ, ನಮ್ಮಣ್ಣ ಹೇಳ್ತಿದ್ದ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಪೆರ್ಮಾಳ್ ತನ್ನ ಎರಡೂ ಕೈಗಳನ್ನು ಕೌಂಟರಿನ ಕೆಳಗೆ ಎಳೆದುಕೊಂಡ. ಆ ಕೈಗಳ ಮೇಲೆ ಒಂದು ಗುಳ್ಳೆಯ ಗುರುತೂ ಇರಲಿಲ್ಲ.

ಸುಟ್ಟುಕೊಂಡವನು ಇಸಿಕೇಲಿ, ಈ ದ್ವೀಪದ ಮೂಲನಿವಾಸಿ. ಹನ್ನೊಂದು ವರ್ಷ ಪೆರ್ಮಾಳ್‌ನ ಲಾರಿಯಲ್ಲಿ ಕಬ್ಬು ಹೇರಿದವನು, ಪೆರ್ಮಾಳ್ ಜ್ವರ ಬಂದು ಮನೆಯಲ್ಲೇ ಮಲಗಿದ ದಿನ ಸ್ಟಿಯರಿಂಗ್ ಹಿಡಿದವನು, ಸಾಲಿನಲ್ಲಿ ಎರಡೆರಡು ದಿನ ಕಾಯುವಾಗ ಒಂದೇ ತಟ್ಟೆಯಲ್ಲಿ ರೊಟ್ಟಿ-ಮೀನು ತಿಂದವನು. ಮೂರು ವರ್ಷದ ಹಿಂದೆ ಅಂಥದೇ ಒಂದು ಸಾಲು. ಇಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಹಾಗೆ ತೊಟ್ಟಿಕ್ಕುವ ಲಾರಿಯನ್ನು ತೂಕದ ಕಟ್ಟೆಗೆ ಹತ್ತಿಸುವುದಿಲ್ಲ ಎಂದು ಕಾವಲಿನವನು ಗದರಿದ್ದ. ಸೀಮೆಎಣ್ಣೆ ಕ್ಯಾನು ಮನೆಯಲ್ಲೇ ಉಳಿದಿತ್ತು. ಕ್ಯಾಬಿನ್ನಿನಲ್ಲಿ ಭಾನುವಾರ ಮೀನಿಗೆ ಹೋದಾಗ ಮಿಕ್ಕಿದ ಪ್ರಿಮಿಕ್ಸ್ ಒಂದು ಹಸಿರು ಬಾಟಲಿಯಲ್ಲಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದು, ದೋಣಿಯ ಮೋಟಾರಿಗೆ ಹಾಕುವುದು. ಪೆರ್ಮಾಳ್ ಅದನ್ನೇ ಕೊಟ್ಟ. "ವಾಸನೆ ಬೇರೆ ಥರ ಇದೆಯಲ್ಲ ಭಯ್ಯಾ" ಎಂದು ಇಸಿಕೇಲಿ ಬ್ರಷ್ಷು ಹಿಡಿದು ಕೇಳಿದ್ದ. "ಬೇರೆ ಅಂಗಡೀದು, ಸೀಮೆಎಣ್ಣೇನೇ, ಉಜ್ಜು ನೀನು" ಎಂದಿದ್ದ ಪೆರ್ಮಾಳ್. ಅಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಬ್ಯಾಟರಿಯ ನಟ್ಟು ಸಡಿಲವಾಗಿದೆ ಎಂದು ಅದೇ ಹೊತ್ತಿಗೆ ಸ್ಪ್ಯಾನರ್ ಹಾಕಿದ. ಸ್ಪ್ಯಾನರಿನ ಹಿಂಬದಿ ಬಾನೆಟ್ಟಿನ ಕಬ್ಬಿಣಕ್ಕೆ ತಾಗಿತು. ಚಿಟ್ ಎಂದು ಒಂದು ಸಣ್ಣ ನೀಲಿ ಕಿಡಿ, ಮರುಕ್ಷಣ ಇಂಜಿನ್ನಿಗೂ ಇಸಿಕೇಲಿಯ ಕೈಗೂ ಬೆಂಕಿ. ಆ ಕಿಡಿಯನ್ನು ಪೆರ್ಮಾಳ್ ಒಬ್ಬನೇ ನೋಡಿದ. ಇಸಿಕೇಲಿಯ ಸುಕಿ, ಅವನೇ ತೋಟದಲ್ಲಿ ಬೆಳೆದು ಸುರುಳಿ ಸುತ್ತುತ್ತಿದ್ದ ಹೊಗೆಸೊಪ್ಪಿನ ಚುಟ್ಟಾ, ಹಚ್ಚದೆ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದನ್ನೂ ಅವನೊಬ್ಬನೇ ನೋಡಿದ.

"ಬುಲಾ, ಭಯ್ಯಾ!"

ಪೆರ್ಮಾಳ್ ಬೆಚ್ಚಿ ತಲೆ ಎತ್ತಿದ, ಬಾನೆಟ್ಟಿಗೆ ನೆತ್ತಿ ಬಡಿಯಿತು. ತನ್ನ ಭಾಷೆಯ ನಮಸ್ಕಾರ ಹೇಳಿ ಗೇಟಿನಲ್ಲಿ ಇಸಿಕೇಲಿಯೇ ನಿಂತಿದ್ದ. ಎಡಗೈಯಲ್ಲಿ ಕೆಸುವಿನ ಗೆಡ್ಡೆಗಳ ಒಂದು ಗೊಂಚಲು, ಎಲೆ ಸಮೇತ. ಐವತ್ತು ದಾಟಿದ ದೊಡ್ಡ ಮೈಯ ಮನುಷ್ಯ, ನಗುವಾಗ ಮಾತ್ರ ಚಿಕ್ಕವನಾಗುತ್ತಾನೆ. ಬಲಗೈಯ ಕೊನೆಯ ಎರಡು ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಒಳಕ್ಕೆ ಬಗ್ಗಿವೆ. ಮೊಣಕೈತನಕ ಚರ್ಮ ಹುರಿದ ಹಪ್ಪಳದ ಹಾಗೆ ಸುಕ್ಕುಗಟ್ಟಿದೆ. ಅವನನ್ನು ಕಂಡಾಗಲೆಲ್ಲ ಮೊದಲು ಆ ಕೈಯನ್ನೇ ನೋಡುತ್ತೇನೆ, ಮುಖವನ್ನಲ್ಲ, ಎಂದು ಪೆರ್ಮಾಳ್‌ಗೆ ನಾಚಿಕೆಯಾಗುತ್ತಿತ್ತು. "ಅಂಜಲೈ ಅಕ್ಕಾ, ಗೆಡ್ಡೆ ತಂದಿದೀನಿ, ಕೊಬ್ಬರಿ ಹಾಲು ಹಾಕಿ ಬೇಯಿಸು. ನಿನ್ನ ಗಂಡ ಲಾರಿ ತೊಳೀತಾನೆ ಅಂತ ಬಸ್ಸಲ್ಲಿ ಯಾರೋ ಅಂದ್ರು, ಭೂಕಂಪ ಆಗತ್ತೇನೋ ನೋಡೋಣ ಅಂತ ಬಂದೆ" ಎಂದ ಇಸಿಕೇಲಿ. "ಬಾರಪ್ಪಾ, ನೀನಾದ್ರೂ ನೋಡು. ಬೆಳಿಗ್ಗೆಯಿಂದ ಇಂಜಿನ್ ತಲೆ ಸವರ್ತಾ ನಿಂತಿದಾರೆ, ನನ್ನ ತಲೆ ಒಂದು ದಿನ ಸವರಿಲ್ಲ" ಎಂದಳು ಅಂಜಲೈ. ಇಸಿಕೇಲಿ ಹೊಟ್ಟೆ ಕುಣಿಸಿ ನಕ್ಕ.

ನಕ್ಕವನು ಹತ್ತಿರ ಬರಲಿಲ್ಲ. ನಲ್ಲಿಯ ಬಳಿ ಇದ್ದ ಎರಡು ಬಕೆಟ್ಟಿಗೆ ಅಂಗಳದ ಮೂಲೆಯ ರಾಶಿಯಿಂದ ಮರಳು ತುಂಬಿಸಿ, ಮಾವಿನ ಮರದ ಬುಡದಲ್ಲಿಟ್ಟು, ಅವುಗಳ ನಡುವೆ ಕಾವಲಿನವನ ಹಾಗೆ ಕೂತ. ಲಾರಿಗೂ ಅವನಿಗೂ ಹತ್ತು ಮಾರು. "ಇಲ್ಲೇ ಇರ್ತೀನಿ. ಹತ್ರ ಬಂದ್ರೆ ನನ್ನ ಗ್ರಹಚಾರ ನಿನ್ನ ಲಾರಿಗೂ ಅಂಟತ್ತೆ. ಏನಾದ್ರೂ ಹತ್ಕೊಂಡ್ರೆ ಮರಳು ಎಸೀತೀನಿ, ನೀನು ಆರಾಮಾಗಿ ತೊಳಿ." ಇದನ್ನು ಅವನು ತಮಾಷೆಯಾಗಿ ಹೇಳಲಿಲ್ಲ. ಮಳೆ ಬರಬಹುದು ಕೊಡೆ ತಗೋ ಎನ್ನುವಷ್ಟು ಸಲೀಸಾಗಿ ಹೇಳಿದ.

ಪೆರ್ಮಾಳ್ ಕೆಲಸ ಶುರುಮಾಡಿದ. ಮೊದಲು ಇಂಜಿನ್ನಿನ ಸಂದುಗೊಂದಿಗಳಲ್ಲಿ ಸೇರಿದ್ದ ಕಬ್ಬಿನ ಒಣ ರವದಿಯನ್ನು ಕೈಯಿಂದಲೇ ಆರಿಸಿ ತೆಗೆದ. ಎರಡು ಬುಟ್ಟಿ ಆಯಿತು, ಜೊತೆಗೆ ಒಂದು ಇಲಿಯ ಗೂಡು. ಇದೇ ಬೆಂಕಿಗೆ ಮೊದಲ ತುತ್ತು. ಲಾರಿಯ ಕೆಳಗೆ ತಗಡು ಹಾಸಿ, ಗಿರಣಿಯಿಂದ ತಂದ ಕಬ್ಬಿನ ಸಿಪ್ಪೆಯ ಚೀಲ ಬಿಚ್ಚಿ ಹರಡಿದ. ತೊಳೆದ ಕೊಳೆ ಕಾಲುವೆಗೆ ಹೋಗಬಾರದು, ಕಾಲುವೆಯ ಕೆಳಗೆ ಇಸಿಕೇಲಿಯವರ ಹಳ್ಳಿಯ ಹೆಂಗಸರು ಏಡಿ ಹಿಡಿಯುತ್ತಾರೆ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡ. ಬ್ಯಾಟರಿಯ ಕರಿ ವೈರು ಬಿಚ್ಚಿ, ಅದರ ತುದಿಗೆ ಬಟ್ಟೆ ಸುತ್ತಿ, ದೂರಕ್ಕೆ ಬಗ್ಗಿಸಿ ಕಟ್ಟಿದ.

"ಅದ್ಯಾಕೆ ಬಿಚ್ತೀಯ ಭಯ್ಯಾ? ಆವತ್ತು ಬಿಚ್ಚಿರಲಿಲ್ಲ ನಾವು."

ನಿಜ ಹೇಳಲು ಬಾಗಿಲು ತಾನಾಗಿಯೇ ತೆರೆದಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. "ಈಗಿನ ಕಾಲದ ರೀತಿ ಇದು. ಅಂಗಡಿ ಹುಡುಗಿ ಹೇಳಿದ್ಲು" ಎಂದ ಪೆರ್ಮಾಳ್, ಮತ್ತು ತನ್ನ ಬಾಯಿಯಿಂದ ಇಷ್ಟು ಸುಲಭವಾಗಿ ಹೊರಬಿದ್ದ ಆ ಮಾತನ್ನು ಕೇಳಿ ತಾನೇ ಅಸಹ್ಯಪಟ್ಟ. ಆಸ್ಪತ್ರೆಯಲ್ಲೂ ಹೀಗೇ ಆಗಿತ್ತು. ಇಸಿಕೇಲಿಯ ಕೈಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಲಕ್ಕೆ ಕಟ್ಟಿದ್ದರು. ಬೆಂಕಿ ಹತ್ತಿದ ಕ್ಷಣದ್ದು ಏನೂ ನೆನಪಿಲ್ಲ ಎಂದ ಅವನು. ಸಾಲಿನವರೆಲ್ಲ ಬಂದು ಬಂದು ಸುಕಿ, ಸುಕಿ ಎಂದು ಹೇಳಿಹೋಗಿದ್ದರು. "ಬಾಯಲ್ಲೇ ಇತ್ತು ಅಂತ ಕಾಣತ್ತೆ ಭಯ್ಯಾ. ನಿನ್ನ ಲಾರಿ ಸುಟ್ಟುಬಿಟ್ಟೆ" ಎಂದು ಅತ್ತ. ಆಗ ಪೆರ್ಮಾಳ್ ಏನು ಹೇಳಿದ? ಹಾಸಿಗೆಯ ಅಂಚಿನಲ್ಲಿ ಕೂತು, ಎಷ್ಟೋ ದೊಡ್ಡ ಮನಸ್ಸಿನವನ ಹಾಗೆ, "ಹೋಗಲಿ ಬಿಡು ಕೇಲಿ" ಎಂದ. ಸುಳ್ಳು ಹೇಳಿದ್ದರೂ ಇಷ್ಟು ಕೀಳಾಗುತ್ತಿರಲಿಲ್ಲ. ಅವನು ಕ್ಷಮಿಸಿಬಿಟ್ಟಿದ್ದ!

ಮಿಕ್ಕಿದ್ದನ್ನು ನೆನೆಯುವುದೇ ಬೇಡ ಎಂದುಕೊಂಡು ಡೈನಮೋಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಪಟ್ಟಿ ಎಳೆದ, ಗಾಳಿಯ ಬಾಯಿಗೆ ಇನ್ನೊಂದು, ಫ್ಯೂಸಿನ ಪೆಟ್ಟಿಗೆಗೆ ಮತ್ತೊಂದು. ಬೇಡವೆಂದರೂ ಆ ಸಂಜೆ ಬಂದು ಎದುರು ಕೂತಿತು. ಇದೇ ಮನೆಯ ಜಗಲಿ. ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಇಸಿಕೇಲಿ ತನ್ನ ಮುದಿ ಚಿಕ್ಕಪ್ಪನನ್ನು ಮುಂದಿಟ್ಟುಕೊಂಡು ಸೋರೋ ತಂದಿದ್ದ. ತಪ್ಪಾಯಿತು ಎಂದು ಬೇಡುವವರು ಯಂಗೋನಾ ಬೇರಿನ ಕಟ್ಟು ತಂದು, ನೆಲದಲ್ಲಿ ಕೂತು, ತಲೆ ತಗ್ಗಿಸಿ ಅರ್ಪಿಸುವುದು ಅವರ ಪದ್ಧತಿ. ಬೇರು ಮುಟ್ಟಿ ಸ್ವೀಕರಿಸಿದರೆ ಅಲ್ಲಿಗೆ ಮುಗಿಯಿತು, ಆ ಮಾತು ಮತ್ತೆ ಯಾರೂ ಎತ್ತುವಂತಿಲ್ಲ. ಎಂಬತ್ತರ ಆ ಮುದುಕ ಮಂಡಿ ನೋವಿನಲ್ಲೂ ಕಾಲು ಮಡಚಿ ಕೂತು, ನಮ್ಮ ಹುಡುಗ ನಿಮ್ಮ ಅನ್ನದ ಲಾರಿಗೆ ಬೆಂಕಿ ಇಟ್ಟ, ಮನೆಯವರೆಲ್ಲರ ಪರವಾಗಿ ಬೇಡುತ್ತೇನೆ, ಎಂದು ಗದ್ಗದಿಸಿದ. ಪೆರ್ಮಾಳ್ ಬೇರನ್ನು ಮುಟ್ಟಿದ. ಅವರ ರೀತಿಯಲ್ಲೇ ಅಂಗೈ ಕುಳಿ ಮಾಡಿ ಮೂರು ಸಲ ಚಪ್ಪಾಳೆಯನ್ನೂ ತಟ್ಟಿದ. ಆ ಬೇರನ್ನು ಕುಟ್ಟಿ ನೀರಿನಲ್ಲಿ ಕದಡಿ ಎಲ್ಲರೂ ಕುಡಿದರು. ಎಷ್ಟು ಚಿಪ್ಪು ಕುಡಿದರೂ ಪೆರ್ಮಾಳ್‌ನ ಗಂಟಲು ಮಾತ್ರ ಒಣಗಿಯೇ ಇತ್ತು.

ಕೈಗೆ ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ ಸಿಂಪಡಿಸುತ್ತಾ ಬಂದ. ಕಪ್ಪು ಜಿಡ್ಡಿನ ಮೇಲೆ ಬಿಳಿ ನೊರೆ ಎದ್ದಿತು. ಬ್ರಷ್ಷಿನಿಂದ ತಿಕ್ಕಿದ. ನಿಂಬೆಹಣ್ಣಿನಂಥ ವಾಸನೆ, ಬೆಂಕಿಯ ಸುಳಿವಿಲ್ಲದ ವಾಸನೆ. ಮರದ ಕೆಳಗಿನಿಂದ ಇಸಿಕೇಲಿ ಮಾತಾಡುತ್ತಲೇ ಇದ್ದ. ಹೆಂಡತಿ ಮೆರೆಸೇನಿಗೆ ಚಾಪೆ ಹೆಣೆದು ಹೆಣೆದು ಬೆನ್ನುನೋವು ಬಂದಿದ್ದು, ಹಂದಿ ಬೇಲಿ ಮುರಿದು ಪಾದ್ರಿಯ ಗೆಣಸು ತಿಂದಿದ್ದು. ಆಮೇಲೆ ಅದೇ ದನಿಯಲ್ಲಿ, "ಸೇಗಾಂಗಾ ಕಡೆ ಲಾರಿ ಇಟ್ಟಿದಾನಲ್ಲ, ಆ ಗೌಂಡರ್, ಈ ಸೀಸನ್ನಿಗೆ ಡ್ರೈವರ್ ಆಗಿ ಬಾ ಅಂತಿದಾನೆ. ಕೈ ಹಿಂಗಿದ್ರೂ ಪರ್ವಾಗಿಲ್ಲ, ಸ್ಟಿಯರಿಂಗ್ ಹಿಡಿಯೋಕೆ ಮೂರು ಬೆರಳು ಸಾಕು ಅಂದ. ಸಂಜೆ ಮನೆಗೆ ಬರ್ತಾನೆ ಉತ್ತರ ಕೇಳೋಕೆ" ಎಂದ.

ಪೆರ್ಮಾಳ್ ಬ್ರಷ್ಷು ನಿಲ್ಲಿಸಿದ. "ಹೋಗ್ತೀಯ?"

"ಎಲ್ಲಿ ಹೋಗೋದು ಭಯ್ಯಾ. ಆಗಲ್ಲ ಅಂತೀನಿ. ಪರರ ಲಾರಿ. ನಾನು ಇಂಜಿನ್ ಹತ್ರ ಇರಬಾರದ ಮನುಷ್ಯ. ಆವತ್ತಿಂದ ಸುಕಿ ಮುಟ್ಟಿಲ್ಲ, ಗೊತ್ತಲ್ಲ ನಿಂಗೆ? ಆದ್ರೂ ನನ್ನ ಬಾಯಲ್ಲಿ ಏನಿತ್ತು ಅನ್ನೋದೇ ನಂಗೆ ನೆನಪಿಲ್ಲ ಅಂದ್ರೆ, ನಾಳೆ ಇನ್ನೇನು ಮರೀತೀನೋ. ಕೆಸು ನೆಟ್ಕೊಂಡು ಇರ್ತೀನಿ. ಕೆಸುಗೆ ಬೆಂಕಿ ಹತ್ತಲ್ಲ." ನಕ್ಕ. ಆದರೆ ಅವನ ಕಣ್ಣು ಲಾರಿಯ ಸ್ಟಿಯರಿಂಗ್ ಕಡೆಗೇ ಇತ್ತು. ಹಸಿದವನು ಇನ್ನೊಬ್ಬರ ತಟ್ಟೆಯನ್ನು ನೋಡುವಾಗ ಹಾಗೆ ನೋಡುತ್ತಾನೆ.

ನೊರೆ ಹಚ್ಚಿ ಮುಗಿದಿತ್ತು. ಇನ್ನು ಹತ್ತು ನಿಮಿಷ ಏನೂ ಮಾಡುವಂತಿಲ್ಲ, ಕಾಯಬೇಕು. ಬಗ್ಗಿ ನೋಡಲು ಇಂಜಿನ್ ಇಲ್ಲ, ಬಿಗಿಯಲು ನಟ್ಟಿಲ್ಲ, ಕೈಗೆ ಕೆಲಸವೇ ಇಲ್ಲ. ಮೂರು ವರ್ಷ ಅವನು ಇಂಥ ಹತ್ತು ನಿಮಿಷ ಸಿಗದಂತೆ ನೋಡಿಕೊಂಡು ಬದುಕಿದ್ದ. ಇಸಿಕೇಲಿ ಬಂದರೆ ಚಹ ಮಾಡು ಎಂದು ಕೂಗುತ್ತಿದ್ದ, ರೇಡಿಯೋ ಹಾಕುತ್ತಿದ್ದ, ಕಬ್ಬಿನ ದರ ಹಿಡಿದು ಮಾತು ಬೆಳೆಸುತ್ತಿದ್ದ. ಈಗ ನೊರೆಯ ಗುಳ್ಳೆಗಳು ಒಡೆಯುವ ಸಣ್ಣ ಸದ್ದು ಕೂಡ ಕೇಳಿಸುತ್ತಿತ್ತು. ಜಿಡ್ಡು ಕರಗಿ ಕಂದು ಗೆರೆಗಳಾಗಿ ಕೆಳಗೆ ಇಳಿಯುತ್ತಿತ್ತು. ಹೇಳಿದರೆ ಈ ಮನುಷ್ಯ ಇನ್ನು ಈ ಅಂಗಳಕ್ಕೆ ಕಾಲಿಡುವುದಿಲ್ಲ. ಹೇಳದಿದ್ದರೆ ಸಂಜೆ ಗೌಂಡರ್‌ಗೆ ಆಗಲ್ಲ ಅನ್ನುತ್ತಾನೆ, ಸಾಯುವತನಕ ಇಂಜಿನ್‌ನಿಂದ ಹತ್ತು ಮಾರು ದೂರ ಕೂರುತ್ತಾನೆ. ಪೆರ್ಮಾಳ್ ಗವಸು ಕಳಚಿ, ಕನ್ನಡಕ ತೆಗೆದು, ಮಾವಿನ ಮರದ ಕಡೆಗೆ ನಡೆದ.

"ಕೇಲಿ, ಸುಕಿ ನಿನ್ನ ಕಿವಿ ಮೇಲಿತ್ತು. ಹಚ್ಚಿರಲಿಲ್ಲ ನೀನು."

ಇಸಿಕೇಲಿ ನಗುಮುಖದಲ್ಲೇ ಅವನನ್ನು ನೋಡಿದ, ತಮಾಷೆಯ ಮುಂದಿನ ಭಾಗಕ್ಕೆ ಕಾಯುವವನ ಹಾಗೆ.

"ಕಿಡಿ ಹಾರಿದ್ದು ನನ್ನ ಸ್ಪ್ಯಾನರಿಂದ. ವೈರು ಬಿಚ್ಚದೆ ಬ್ಯಾಟರಿಗೆ ಕೈ ಹಾಕಿದ್ದೆ. ಮತ್ತೆ ಆ ಬಾಟಲೀಲಿದ್ದಿದ್ದು ಸೀಮೆಎಣ್ಣೆ ಅಲ್ಲ, ಪ್ರಿಮಿಕ್ಸ್. ನೀನು ಕೇಳ್ದೆ. ವಾಸನೆ ಬೇರೆ ಇದೆ ಅಂತ ಕೇಳ್ದೆ ನೀನು. ನಾನು ಸುಳ್ಳು ಹೇಳ್ದೆ. ನಂಗೆಲ್ಲಾ ಗೊತ್ತಿತ್ತು ಕೇಲಿ, ಮೊದಲ ದಿನದಿಂದ ಗೊತ್ತಿತ್ತು."

ಇಸಿಕೇಲಿಯ ಮುಖದಿಂದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಹೋಗಲು ದಾರಿ ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ಅವನು ತನ್ನ ಬಲಗೈಯನ್ನು ಎತ್ತಿ, ಇದೇ ಮೊದಲು ನೋಡುವವನಂತೆ ಮಗುಚಿ ಮಗುಚಿ ನೋಡಿದ. ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡ ಪೆರ್ಮಾಳ್; ಹೊಡೆದರೆ ಎಷ್ಟೋ ಹಗುರಾದೀತು ಎಂದೂ ಅನ್ನಿಸಿತು. ಇಸಿಕೇಲಿ ಹೊಡೆಯಲಿಲ್ಲ. ಮರಳಿನ ಬಕೆಟ್ಟನ್ನು ದಾಟಿ, ಗೇಟು ತೆರೆದು, ಕಬ್ಬಿನ ರೈಲಿನ ಹಳಿಗಳ ಕಡೆಗೆ ನಡೆದುಹೋದ. ಗೇಟು ಹಾಕುವುದನ್ನು ಅವನು ಎಂದೂ ಮರೆತವನಲ್ಲ. ಈಗ ಅದು ತೆರೆದೇ ಉಳಿಯಿತು.

ಪೆರ್ಮಾಳ್ ಅಂಗಳದ ನಡುವೆ ನಿಂತಿದ್ದ. ಹಿಂದೆ ನೊರೆ ಒಣಗುತ್ತಿತ್ತು. ಒಣಗಿದರೆ ಅಲ್ಯೂಮಿನಿಯಂ ತಿಂದುಹಾಕುತ್ತದೆ ಎಂದು ಹುಡುಗಿ ಹೇಳಿದ್ದಳು. ಮುಂದೆ ಆ ದೊಡ್ಡ ಬೆನ್ನು ಚಿಕ್ಕದಾಗುತ್ತಿತ್ತು. ಅಂಜಲೈ ಯಾವಾಗ ಹೊರಗೆ ಬಂದಳೋ, ನೀರಿನ ಪೈಪು ಅವಳ ಕೈಯಲ್ಲಿತ್ತು. "ಇಲ್ಲಿ ನಾನು ನೋಡ್ಕೋತೀನಿ, ಮೆಲ್ಲಗೆ ನೀರು ಬಿಡೋದು ತಾನೇ. ನೀವು ಹೋಗಿ." ಅವನು ಹೆಜ್ಜೆ ಕಿತ್ತಿದ್ದೇ ತಡ, "ಬರಿಗೈಲಿ ಹೋಗ್ತೀರಾ? ಅವರು ಬರಿಗೈಲಿ ಬಂದಿದ್ರಾ?" ಎಂದಳು. ಒಳಗೆ ನಾಳೆ ತಪಾಸಣೆ ಮುಗಿದ ಮೇಲೆ ನೆಂಟರಿಗೆಂದು ಪೇಟೆಯಿಂದ ತಂದಿಟ್ಟ ಯಂಗೋನಾ ಬೇರಿನ ಕಟ್ಟಿತ್ತು, ಹಳೆ ಪೇಪರಿನಲ್ಲಿ ಸುತ್ತಿದ್ದು. ತಂದು ಅವನ ಎದೆಗೆ ಒತ್ತಿದಳು. "ನಿಂಗೆ ಗೊತ್ತಿತ್ತಾ?" ಎಂದ ಅವನು. "ಆವತ್ತು ನೀವು ಸೀಮೆಎಣ್ಣೆ ಹಚ್ಚಿ ಉಜ್ಜಿದ್ವಿ ಅಂದ್ರಿ. ಸೀಮೆಎಣ್ಣೆ ಕ್ಯಾನು ಇಲ್ಲೇ ಒಲೆ ಹಿಂದೆ ತುಂಬಿಕೊಂಡು ಕೂತಿತ್ತು. ನೀವಾಗೇ ಹೇಳಲಿ ಅಂತ ಮೂರು ವರ್ಷ ಕಾದೆ. ನಾನೂ ಒಳ್ಳೆಯವಳಲ್ಲ ಬಿಡಿ. ಹೋಗಿ ಈಗ."

ಇಸಿಕೇಲಿ ದೂರ ಹೋಗಿರಲಿಲ್ಲ. ಕಾಲುವೆಯ ಮೇಲೆ ಹಳಿ ದಾಟುವ ಪುಟ್ಟ ಸೇತುವೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಪೆರ್ಮಾಳ್ ಜಲ್ಲಿಕಲ್ಲಿನ ಮೇಲೆ, ಹಳಿಯ ಪಕ್ಕ, ಕಾಲು ಮಡಚಿ ಕೂತ. ಕಲ್ಲು ಚುಚ್ಚಿತು. ಸೋರೋ ಕೊಡುವವನಿಗೆ ಅವನ ಪರವಾಗಿ ಮಾತಾಡಲು ಹಿರಿಯನೊಬ್ಬ ಇರಬೇಕು. ತನಗಾಗಿ ಮಾತಾಡುವವರು ಯಾರೂ ಇಲ್ಲ. ಆ ಪದಗಳೂ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಬೇರನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು ತಲೆ ತಗ್ಗಿಸಿದ. "ನಂಗೆ ನಿಮ್ಮ ಮಾತು ಹೇಳೋಕೆ ಬರಲ್ಲ ಕೇಲಿ. ನಿನ್ನ ಕೈ ಸುಟ್ಟಿದ್ದು ನಾನು. ಆ ತಪ್ಪನ್ನ ನಿನ್ನ ತಲೆಗೆ ಕಟ್ಟಿದ್ದೂ ನಾನೇ."

ಬೇರು ಅವನ ಕೈಯಲ್ಲೇ ಉಳಿಯಿತು. ತೋಳು ನೋಯತೊಡಗಿತು, ಇಳಿಸಲಿಲ್ಲ. ಕಾಲುವೆಯಲ್ಲಿ ಬಾತುಕೋಳಿಯೊಂದು ತನ್ನ ಪಾಡಿಗೆ ಕೆಸರು ಕೆದಕುತ್ತಿತ್ತು.

"ನನ್ನ ಚಿಕ್ಕಪ್ಪ" ಎಂದ ಇಸಿಕೇಲಿ ಕೊನೆಗೆ, ನೀರನ್ನು ನೋಡುತ್ತಲೇ, "ನಿನ್ನ ಜಗಲೀಲಿ ಮಂಡಿ ಮಡಚಿ ಕೂತಿದ್ದ. ಅವನು ಚರ್ಚಲ್ಲೂ ಕುರ್ಚಿ ಕೇಳ್ತಿದ್ದ, ಪೆರ್ಮಾಳ್. ಹೋದ ವರ್ಷ ಸತ್ತ. ಸಾಯೋವಾಗ್ಲೂ ನಂಗೆ ಬುದ್ಧಿ ಹೇಳ್ದ, ಹುಷಾರಾಗಿರು, ನಿನ್ನ ಕೈ ಒಳ್ಳೇದಲ್ಲ ಅಂತ. ಅವನಿಗೆ ಏನು ಹೇಳ್ತೀಯ ನೀನು?"

ಹನ್ನೊಂದು ವರ್ಷ ಮತ್ತು ಮೂರು ವರ್ಷ, ಇಸಿಕೇಲಿ ಅವನನ್ನು ಬರೀ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಅದು ಸ್ಪ್ಯಾನರಿನಿಂದ ಬಿದ್ದ ಪೆಟ್ಟಿನ ಹಾಗೆ ತಾಗಿತು. "ಏನೂ ಇಲ್ಲ. ಅವನಿಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ" ಎಂದ. ಅದು ನಿಜವಾಗಿತ್ತು. ಆ ಮುದುಕನ ಮಂಡಿಯ ನೋವನ್ನು ಇನ್ನು ಯಾರೂ ತೆಗೆಯಲಾರರು. ಪೆರ್ಮಾಳ್ ಅತ್ತ. ಮರೆಮಾಡಲು ಕೈ ಬೇಕಿತ್ತು, ಕೈಯಲ್ಲಿ ಬೇರಿತ್ತು.

"ನಾನು ಕಿವಿ ಮೇಲೆ ಇಟ್ಟಿದ್ದೆ" ಎಂದ ಇಸಿಕೇಲಿ, ತನಗೇ ಹೇಳಿಕೊಳ್ಳುವವನ ಹಾಗೆ. "ಕಿವಿ ಮೇಲೆ." ಒಂದು ದೀರ್ಘ ಉಸಿರು ಬಿಟ್ಟ. ಅವನ ಭುಜಗಳು ಎಷ್ಟು ಬಿಗಿದುಕೊಂಡಿದ್ದವು ಎಂಬುದು ಅವು ಇಳಿದಾಗಲೇ ಪೆರ್ಮಾಳ್‌ಗೆ ಗೊತ್ತಾಯಿತು. ಎದ್ದು ನಿಂತು ಬೇರನ್ನು ನೋಡಿದ, ಮುಟ್ಟಲಿಲ್ಲ. "ಇಲ್ಲಿ ಹಳಿ ಮೇಲೆ ಅಲ್ಲ. ಕದ್ದು ಕೊಡೋ ಹಂಗೆ ನಾನು ತಗೊಳಲ್ಲ. ನಮ್ಮನೆಗೆ ತಾ. ಮೆರೆಸೇನಿ ಇರ್ತಾಳೆ, ನಮ್ಮ ಜನ ಇರ್ತಾರೆ, ಸಂಜೆ ಗೌಂಡರೂ ಬರ್ತಾನೆ. ಚಾಪೆ ಮೇಲೆ ಕೂತು ಈಗ ಹೇಳಿದ್ದನ್ನ ಅಷ್ಟೂ ಹೇಳು. ಬಾಟಲಿ ಮಾತೂ ಹೇಳ್ಬೇಕು. ತಗೋಬೇಕೋ ಬೇಡ್ವೋ ಅಂತ ಆಮೇಲೆ ನೋಡ್ತೀನಿ."

"ಹೇಳ್ತೀನಿ."

"ಏಳು. ಸೋಪು ಒಣಗತ್ತೆ."

ಅಂಜಲೈ ಅರ್ಧ ತೊಳೆದಿದ್ದಳು, ಸೀರೆಯೂ ಅರ್ಧ ಒದ್ದೆಯಾಗಿತ್ತು. ಇಸಿಕೇಲಿ ಮಾವಿನ ಮರದ ಬಳಿ ಒಂದು ಕ್ಷಣ ನಿಂತ. ಎರಡು ಬಕೆಟ್ಟುಗಳು ಅವನಿಗಾಗಿ ಕಾದಿದ್ದವು. ಆಮೇಲೆ ಅವನ್ನು ದಾಟಿ ನಡೆದ. ಒಂಬತ್ತು ಮಾರು, ಐದು ಮಾರು, ಎರಡು. ಪೆರ್ಮಾಳ್ ಎಣಿಸುತ್ತಿದ್ದ. ಇಸಿಕೇಲಿ ಬಾನೆಟ್ಟಿನ ಅಂಚು ಹಿಡಿದು, ಇಂಜಿನ್ನಿನ ಮೇಲೆ ಪೂರ್ತಿ ಬಗ್ಗಿದ. "ಹಿಂದುಗಡೆ ಮೂಲೆ ಬಿಟ್ಬಿಟ್ಟಿದೀಯ. ಬ್ರಷ್ ಕೊಡು ಇಲ್ಲಿ. ಯಾವತ್ತೂ ಕಣ್ಣಿಗೆ ಕಾಣೋದಷ್ಟೇ ತೊಳೆಯೋನು ನೀನು." ಮೂರು ಬೆರಳಿನಲ್ಲಿ ಬ್ರಷ್ಷು ಹಿಡಿದು ತಿಕ್ಕಿದ. ನೀರು ಬಿಟ್ಟಲ್ಲೆಲ್ಲ ಕಬ್ಬಿಣದ ಬೂದು ಬಣ್ಣ ಹೊರಬಂತು, ಮತ್ತು ಇಷ್ಟು ದಿನ ಯಾರಿಗೂ ಕಾಣದೆ ಸೋರುತ್ತಿದ್ದ ಒಂದು ಪೈಪಿನ ಕೊರಳೂ ಕಂಡಿತು. "ನೋಡು, ಇಲ್ಲಿದೆ ನಿನ್ನ ಸೋರಿಕೆ" ಎಂದು ತೋರಿಸಿ, ಅವನೇ ಕ್ಲಿಪ್ಪು ಬಿಗಿದ. ಬಟ್ಟೆಯಿಂದ ಒರೆಸಿದರು. ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿದರು. ಬಿಸಿಲಿಗೆ ಆರಲಿ ಎಂದು ಬಾನೆಟ್ ತೆರೆದಿಟ್ಟು ರೊಟ್ಟಿ ತಿಂದರು. ಅಂಜಲೈ ಇಸಿಕೇಲಿಯ ತಟ್ಟೆಗೆ ಕೇಳದೆಯೇ ಇನ್ನೊಂದು ಹಾಕಿದಳು.

ಒಂದು ಗಂಟೆಯ ಮೇಲೆ ಪೆರ್ಮಾಳ್ ಸ್ಪ್ಯಾನರ್ ತೆಗೆದುಕೊಂಡ. ಇಸಿಕೇಲಿ ಕೈ ಚಾಚಿದ, ಸುಟ್ಟ ಕೈಯನ್ನೇ. "ಕೊಡು. ನಾನು ಹಾಕ್ತೀನಿ." ಕರಿ ವೈರಿನ ಬಟ್ಟೆ ಬಿಚ್ಚಿ, ತುದಿಯನ್ನು ಕೂರಿಸಿ, ನಿಧಾನವಾಗಿ ಬಿಗಿದ. ಏನೂ ಹತ್ತಿಕೊಳ್ಳಲಿಲ್ಲ. ಎರಡು ಸಲ ಅಲುಗಿಸಿ ನೋಡಿದ. ಆಮೇಲೆ ಯಾರನ್ನೂ ಕೇಳದೆ ಡ್ರೈವರಿನ ಬಾಗಿಲು ತೆಗೆದು ಹತ್ತಿ ಕೂತ. ಕೀಲಿ ತಿರುಗಿಸಿದ, ಲಾರಿ ಒಮ್ಮೆ ಕೆಮ್ಮಿ ಚಾಲೂ ಆಯಿತು, ಇಂಜಿನ್ನಿನಿಂದ ತೆಳುವಾದ ಬಿಳಿ ಆವಿ ಎದ್ದಿತು. ಪೆರ್ಮಾಳ್ ಮರಳಿನ ಬಕೆಟ್ಟಿನ ಕಡೆಗೆ ತಿರುಗಿದ. ಇಸಿಕೇಲಿ ಕಿಟಕಿಯಿಂದ ತಲೆ ಹೊರಹಾಕಿ, "ನೀರು ಅದು. ಆರ್ತಾ ಇದೆ" ಎಂದ. ಅವನ ಮುಖ ಚಿಕ್ಕವನದಾಗಿತ್ತು. ಸ್ಟಿಯರಿಂಗಿನ ಮೇಲಿದ್ದ ಮೂರು ಬೆರಳುಗಳು ಹಾಡಿಗೆ ತಾಳ ಹಾಕುವ ಹಾಗೆ ಕುಣಿಯುತ್ತಿದ್ದವು.

ಪೆರ್ಮಾಳ್ ಬೇರಿನ ಕಟ್ಟು ಹಿಡಿದು ಲಾರಿಯ ಮುಂದಿನಿಂದ ಸುತ್ತಿ ಬಂದು ಇನ್ನೊಂದು ಕಡೆಯಿಂದ ಹತ್ತಿದ. ಸೀಟಿನ ಸ್ಪ್ರಿಂಗು ತೊಡೆಗೆ ಚುಚ್ಚಿತು. ಇಲ್ಲಿಂದ ರಸ್ತೆಯೇ ಬೇರೆ ಥರ ಕಾಣುತ್ತಿತ್ತು. ಬೇರನ್ನು ತೊಡೆಯ ಮೇಲಿಟ್ಟುಕೊಂಡು, ಚಾಪೆಯ ಮೇಲೆ ಹೇಳಬೇಕಾದ ಮೊದಲ ಮಾತನ್ನು ಮನಸ್ಸಿನಲ್ಲಿ ಕೂಡಿಸತೊಡಗಿದ. ಬಾಟಲಿಯಿಂದಲೇ ಶುರುಮಾಡಬೇಕು. ಈ ಸಲ ಗಂಟಲು ಒಣಗಿರಲಿಲ್ಲ. ಲಾರಿ ಗೇಟು ದಾಟಿದ್ದೇ ಅವನ ಪಕ್ಕದ ಬಾಗಿಲು ತಾನಾಗಿ ತೆರೆದುಕೊಂಡು, ಅವನು ಗಾಬರಿಯಲ್ಲಿ ಸೀಟು ಹಿಡಿದುಕೊಂಡ.

"ಎಳ್ಕೊಂಡು ಹಿಡ್ಕೋ" ಎಂದ ಇಸಿಕೇಲಿ, ರಸ್ತೆಯಿಂದ ಕಣ್ಣು ತೆಗೆಯದೆ. "ಆ ಬಾಗಿಲು ನನ್ನ ಹನ್ನೊಂದು ವರ್ಷವೂ ಹಂಗೇ ಇತ್ತು. ನಿಂಗೆ ಹೆಂಗೆ ಗೊತ್ತಾಗತ್ತೆ, ಈ ಕಡೆ ಯಾವತ್ತು ಕೂತಿದ್ದೆ ನೀನು, ಭಯ್ಯಾ?"